ಅಕ್ಕ ಆರಿಸಿದ ಅಂಗಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಂಡ,

ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯಲು ಪುರುಸೊತ್ತಾಗಲಿಲ್ಲ ಎಂದರೆ ನೀನು ನಂಬುತ್ತೀಯ. ನಾನು ಏನು ಹೇಳಿದರೂ ನಂಬುವುದು ನಿನ್ನ ಹುಟ್ಟುಗುಣ. ಹಾಗಾಗಿ ಅದನ್ನು ಹೇಳುವುದಿಲ್ಲ. ಪುರುಸೊತ್ತು ಬೇಕಾದಷ್ಟಿತ್ತು. ಬರೆಯಲು ಕೂತು ನಾಲ್ಕು ಸಲ ಎದ್ದುಹೋದೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಇಲ್ಲಿ ನಾನು ಇದ್ದ ಹಾಗೇ ಇದ್ದೇನೆ. ಬಿಪಿ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಹತೋಟಿಯಲ್ಲಿಲ್ಲ. ನಿನ್ನ ಕೆಮ್ಮು ಹೋಯಿತೇ? ಕನ್ನಡಕದ ಗಾಜು ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇನೆ.

ಅಂಗಡಿಯ ಸುದ್ದಿ ಕೇಳಿದ್ದೀಯ. ಹೊಸ ಮ್ಯಾನೇಜರ್ ಬಂದಿದ್ದಾನೆ. ಮೂವತ್ತೂ ತುಂಬಿಲ್ಲ, ನನ್ನನ್ನು 'ಆಂಟಿ' ಎನ್ನುತ್ತಾನೆ. ಇಪ್ಪತ್ತೆರಡು ವರ್ಷ ಗಂಡಸರ ವಿಭಾಗದಲ್ಲಿ ಅಂಗಿ ಬಿಡಿಸಿ ತೋರಿಸಿದವಳನ್ನು ಈಗ ಟ್ರಯಲ್ ರೂಮಿನ ಬಾಗಿಲಿಗೆ ನಿಲ್ಲಿಸಿದ್ದಾನೆ. ಯಾರು ಎಷ್ಟು ಬಟ್ಟೆ ಒಳಗೆ ತೆಗೆದುಕೊಂಡು ಹೋದರು, ಎಷ್ಟು ಹೊರಗೆ ತಂದರು ಎಂದು ಎಣಿಸುವುದೇ ನನ್ನ ಕೆಲಸ. ಒಂದು ಲಾಭವೆಂದರೆ ಐವತ್ತರ ಗಂಡಸರು ಪರದೆ ಸರಿಸಿ ಹೊರಬರುವ ಮುಖ ಮೊದಲು ಕಾಣುವುದು ನನಗೆ. ಮೊನ್ನೆ ಒಬ್ಬರು ಹೊಟ್ಟೆ ಎಳೆದುಕೊಂಡು, ಉಸಿರು ಬಿಗಿಹಿಡಿದು ಬಂದು ಕನ್ನಡಿಯ ಮುಂದೆ ನಿಂತರು. ಹೆಂಡತಿ ಅವರ ಮುಖ ಕೂಡ ನೋಡಲಿಲ್ಲ. "ಇವ್ರಿಗೆ ಏನಾದ್ರೂ ಮುಚ್ಚೋ ಥರದ್ದು ಕೊಡಿ" ಎಂದರು. ಆತ ಮೆಲ್ಲಗೆ ಉಸಿರು ಬಿಟ್ಟರು. ಅಂಗಿಯ ಕೊನೆಯ ಎರಡು ಗುಂಡಿಗಳು ಬಾಯಿ ತೆರೆದವು. ನನಗೆ ನಗು ಬಂತು. ನಕ್ಕೆ ಕೂಡ. ನಾನು ಒಳ್ಳೆಯವಳಲ್ಲ ಗುಂಡ, ಅದನ್ನು ಹೇಳುವುದಕ್ಕೇ ಇವತ್ತು ಕೂತಿರುವುದು.

ನಿನ್ನ ಕಾಗದದ ಕೊನೆಗೆ ಬರುತ್ತೇನೆ. ಚಷ್ಮದ ಡಬ್ಬಿ ಸರಬರಾಜು ಮಾಡುವವರ ತಂಗಿ ಒಬ್ಬರಿದ್ದಾರೆ, ಗಂಡ ತೀರಿಕೊಂಡು ಆರು ವರ್ಷವಾಗಿದೆ, ಮಾರ್ಚ್ ಇಪ್ಪತ್ಮೂರನೇ ತಾರೀಖು ಅವರ ಮನೆಯಲ್ಲಿ ಮಧ್ಯಾಹ್ನ ಊಟಕ್ಕೆ ಕರೆದಿದ್ದಾರೆ ಎಂದು ಬರೆದಿದ್ದೀಯ. ಆಮೇಲೆ ಹಾಳೆಯ ಅಂಚಿನಲ್ಲಿ ಸಣ್ಣಕ್ಷರದಲ್ಲಿ, "ಅಕ್ಕ, ಈ ಸಲವೂ ಏನು ಹಾಕಿಕೊಳ್ಳಬೇಕೆಂದು ನೀನೇ ಹೇಳು. ಈ ವಿಷಯದಲ್ಲಿ ನಿನ್ನನ್ನು ಬಿಟ್ಟು ಇನ್ನೊಬ್ಬರ ಮೇಲೆ ನನಗೆ ನಂಬಿಕೆಯಿಲ್ಲ." 'ಈ ಸಲವೂ' ಎಂಬ ಮಾತನ್ನು ಓದಿ ಆ ದಿನ ನಾನು ಅಂಗಡಿಗೆ ಹೋಗಲಿಲ್ಲ.

ಮೊದಲು ನೀನು ಕೇಳಿದ್ದನ್ನು ಹೇಳಿಬಿಡುತ್ತೇನೆ. ಒಂದು ಅಕ್ಷರವೂ ಸುಳ್ಳಿಲ್ಲ.

ಗಾಢ ನೀಲಿಯ ಲಿನನ್ ಅಂಗಿ ತೆಗೆದುಕೋ, ಹೊಳೆಯುವ ಬಟ್ಟೆ ಬೇಡ. ಭುಜದ ಹೊಲಿಗೆ ನಿನ್ನ ಭುಜದ ಮೂಳೆಯ ಮೇಲೇ ಕೂರಬೇಕು, ತೋಳಿಗೆ ಜಾರಬಾರದು. ನಲವತ್ತೆರಡರ ಅಳತೆ ನಿನಗೆ ಸರಿ. ಅಂಗಡಿಯವನು ನಲವತ್ತು ಸಾಕು ಎಂದು ಹೊಗಳಿದರೆ ನಂಬಬೇಡ. ಕೂತಾಗ ಹೊಟ್ಟೆಯ ಹತ್ತಿರ ಗುಂಡಿ ಎಳೆಯದಿದ್ದರೆ ಅದೇ ನಿನ್ನ ಅಂಗಿ. ಹೊರಗೆ ಬಿಡುವುದಾದರೆ ಅದರ ಅಂಚು ಪ್ಯಾಂಟಿನ ಹಿಂಜೇಬಿನ ಅರ್ಧಕ್ಕೆ ನಿಲ್ಲಲಿ. ಅದಕ್ಕಿಂತ ಉದ್ದವಾದರೆ ನಿಲುವಂಗಿ ತೊಟ್ಟ ಹಾಗಿರುತ್ತದೆ. ತೋಳನ್ನು ಎರಡು ಮಡಿಕೆ ಮಡಿಸು, ಮೊಣಕೈಯ ಕೆಳಗೇ ಇರಲಿ. ನಿನ್ನ ಮುಂಗೈ ಚೆನ್ನಾಗಿದೆ, ಅದನ್ನು ಕಾಣಲು ಬಿಡು. ಪ್ಯಾಂಟು ಕಾಟನ್ನಿನದು, ಒಣಗಿದ ಮರಳಿನ ಬಣ್ಣದ್ದು. ಪಾದದ ಮೇಲೆ ಮಡಿಕೆ ಬೀಳಬಾರದು. ಬೆಲ್ಟೂ ಬೂಟೂ ಒಂದೇ ಕಂದು. ಹಿಂಜೇಬಿನಲ್ಲಿ ಪರ್ಸು ತುರುಕಬೇಡ, ಎದೆಯ ಜೇಬಿನಲ್ಲಿ ಪೆನ್ನು ಬೇಡ. ಒಳಬನಿಯನ್ ಕೊರಳಲ್ಲಿ ಇಣುಕಬಾರದು. ಅಂಗಿಯನ್ನು ಹಿಂದಿನ ದಿನವೇ ಒಂದು ಸಲ ಒಗೆದು ಇಸ್ತ್ರಿ ಮಾಡಿಸು, ಹೊಸದರ ಮಡಿಕೆ ಹೋಗಲಿ. ಕೂದಲು ನರೆತಿದ್ದರೆ ನರೆತಿರಲಿ. ತಲೆಗೆ ಏನನ್ನೂ ಹಚ್ಚಬೇಡ.

ಇಷ್ಟೇ. ಇದಕ್ಕೆ ಹತ್ತು ನಿಮಿಷ ಸಾಕು. ಮೂರು ವರ್ಷದ ಹಿಂದೆಯೂ ಇಷ್ಟನ್ನೇ ಹೇಳಬಹುದಿತ್ತು. ಆಗಲೂ ನನಗೆ ಇದೆಲ್ಲ ಗೊತ್ತಿತ್ತು.

ಈಗ ಅದನ್ನು ಹೇಳುತ್ತೇನೆ. ಎದ್ದುಹೋಗದೆ ಓದು.

ಆ ದಿನ ನಾನು ತಟ್ಟೆ ತೊಳೆಯುತ್ತಿದ್ದೆ. ನೀನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಪರೀಕ್ಷೆಯಲ್ಲಿ ಫೇಲಾದವನ ಹಾಗೆ ಕೈ ಹಿಂದೆ ಕಟ್ಟಿಕೊಂಡು ವಿಷಯ ತೆಗೆದೆ. ದಂತವೈದ್ಯರ ಆಸ್ಪತ್ರೆಯಲ್ಲಿ ಹಲ್ಲಿನ ಸೆಟ್ ಮಾಡುವ ಮೇಡಂ ಒಬ್ಬರಿದ್ದಾರೆ, ಕನ್ನಡಕಕ್ಕೆ ಬಂದಾಗ ಪರಿಚಯವಾಯಿತು, ಎಂಟು ತಿಂಗಳಾಯಿತು ಎಂದೆ. ಎಂಟು ತಿಂಗಳು ನೀನು ಸಂಜೆ ತಡವಾಗಿ ಬಂದು "ಅಂಗಡೀಲಿ ಕೆಲ್ಸ ಜಾಸ್ತಿ ಅಕ್ಕ" ಎನ್ನುತ್ತಿದ್ದೆ. ನಾನು ಸಾರು ಮೂರು ಸಲ ಬಿಸಿ ಮಾಡುತ್ತಿದ್ದೆ. ಆಸ್ಪತ್ರೆ ಶುರುವಾಗಿ ಇಪ್ಪತ್ತೈದು ವರ್ಷ ಆಯಿತೆಂದು ಭಾನುವಾರ ತೋಟದಲ್ಲಿ ಔತಣ ಇಟ್ಟಿದ್ದಾರೆ, ಆ ಮೇಡಂ ನಿನ್ನನ್ನು ಎಲ್ಲರಿಗೂ ಪರಿಚಯ ಮಾಡಿಸುತ್ತಾರಂತೆ ಎಂದೂ ನೀನೇ ಹೇಳಿದೆ. ಆಮೇಲೆ ನೀನು ಅಂದ ಮಾತು ನನಗೆ ಹಾಗೇ ನೆನಪಿದೆ.

"ಚೆನ್ನಾಗಿ ಕಾಣ್ಬೇಕು ಅಕ್ಕ. ಆದ್ರೆ ಚೆನ್ನಾಗಿ ಕಾಣೋಕೇ ಅಂತ ಬಂದಿದಾನೆ ಅನ್ನಿಸ್ಬಾರ್ದು."

ಇಪ್ಪತ್ತೆರಡು ವರ್ಷದಲ್ಲಿ ಯಾವ ಗಿರಾಕಿಯೂ ಇಷ್ಟು ಸರಿಯಾಗಿ ಕೇಳಿದ್ದಿಲ್ಲ. ನಾನು ತಿರುಗಿ ನೋಡದೆ, "ಒಬ್ರು ಕಣ್ಣು, ಒಬ್ರು ಹಲ್ಲು. ಇಬ್ರೂ ಸೇರಿ ಒಂದು ಪೂರ್ತಿ ಮುಖ ಮಾಡ್ಬಹುದು" ಎಂದೆ. ನೀನು ಖುಷಿಯಾಗಿ ನಕ್ಕುಬಿಟ್ಟೆ. ನಾನು ಚುಚ್ಚಿದ್ದು ನಿನಗೆ ನಾಟಲೇ ಇಲ್ಲ. "ಚಿಂತೆ ಬಿಡು, ಹತ್ತು ವರ್ಷ ಕಮ್ಮಿ ಕಾಣೋ ಹಾಗ್ ಮಾಡ್ತೀನಿ" ಎಂದೆ. ಆ ಮಾತು ಮುಗಿಯುವುದರೊಳಗೆ ಏನು ಮಾಡಬೇಕೆಂದು ನನಗೆ ಗೊತ್ತಾಗಿತ್ತು.

ನೀನು ಒಂಬತ್ತು ವರ್ಷದವನಿದ್ದಾಗ ಅಮ್ಮ ಹೋದಳು. ನನಗೆ ಹದಿನಾರು. ನಿನಗೆ ಶೂ ಲೇಸು ಕಟ್ಟಿ ಶಾಲೆಗೆ ಕಳಿಸಿ ನಾನು ಕೆಲಸಕ್ಕೆ ಹೋದೆ. ಅದನ್ನು ಲೆಕ್ಕ ಹಾಕಿ ಒಪ್ಪಿಸುತ್ತಿಲ್ಲ. ಆದರೆ ನೀನು ಹೋದರೆ ಈ ಮನೆಯಲ್ಲಿ ನಾನು ಯಾರ ಜೊತೆ ಜಗಳವಾಡಲಿ ಎಂಬುದೊಂದೇ ಆ ವಾರವೆಲ್ಲ ತಲೆಯಲ್ಲಿತ್ತು.

ಮಂಡಿ ಹರಿದ ಜೀನ್ಸ್ ಕಾಲೇಜು ಹುಡುಗರ ವಿಭಾಗದಿಂದ ತಂದೆ. ತೊಡೆಗೆ ಅಂಟಿಕೊಳ್ಳುವಂಥದು. ಅಂಗಿ ನೇರಳೆ ಬಣ್ಣದ್ದು, ಮೀನಿನ ಮೈಯ ಹಾಗೆ ಹೊಳೆಯುತ್ತಿತ್ತು. ನಿನ್ನ ಅಳತೆಗಿಂತ ಎರಡು ಕಡಿಮೆ. ಅಂಗೈಯಗಲದ ಬಕಲಿನ ಬೆಲ್ಟು, ಚೂಪು ಮೂತಿಯ ಬಿಳಿ ಬೂಟು. ಆ ಅಂಗಿ ಎರಡು ವರ್ಷದಿಂದ ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿತ್ತು. ಅದನ್ನು ಯಾರಾದರೂ ಕೊಳ್ಳುತ್ತಾರಾ ಎಂದು ನಾವೆಲ್ಲ ನಗಾಡುತ್ತಿದ್ದೆವು. ಕನ್ನಡಿಯ ಮುಂದೆ ನೀನು ಅನುಮಾನಿಸಿದೆ.

"ಸ್ವಲ್ಪ ಬಿಗಿ ಅಲ್ವಾ ಅಕ್ಕ?"

"ಈಗ ಹಾಗೇ ಹಾಕೋದು. ನಿಂಗೇನ್ ಗೊತ್ತು."

"ಅದೂ ಸರೀನೇ" ಎಂದು ನೀನು ಗುಂಡಿ ಹಾಕಿಕೊಂಡೆ.

ಭಾನುವಾರ ಬೆಳಿಗ್ಗೆ ಬಚ್ಚಲಲ್ಲಿ ಸ್ಟೂಲು ಹಾಕಿ ಕೂರಿಸಿ ನಿನ್ನ ತಲೆಗೆ ನಾನೇ ಬಣ್ಣ ಹಚ್ಚಿದೆ. ಕಡುಗಪ್ಪು. ಪ್ಯಾಕೆಟ್ಟಿನ ಮೇಲೆ ನಲವತ್ತು ನಿಮಿಷ ಬಿಡಿ ಎಂದಿತ್ತು, ನಾನು ಹದಿನೈದಕ್ಕೇ ಅರೆಬರೆ ತೊಳೆದೆ. ಬಿಸಿಲಿಗೆ ನಿಲ್ಲುವುದಿಲ್ಲ ಎಂದು ಗೊತ್ತಿದ್ದೇ ತೊಳೆದೆ. ನೀನು ಕಣ್ಣು ಮುಚ್ಚಿಕೊಂಡು, "ಚಿಕ್ಕವ್ನಿದ್ದಾಗ ತಲೆಗೆ ನೀರು ಹಾಕ್ತಿದ್ಯಲ್ಲ, ಹಾಗೇ ಇದೆ" ಎಂದೆ. ನಾನು ಇನ್ನೊಂದು ಚೊಂಬು ನೀರು ಸುರಿದೆ, ಅಷ್ಟೆ.

ಔತಣದಲ್ಲಿ ಏನಾಯಿತೆಂದು ನೀನು ನನಗೆ ವಾರಗಟ್ಟಲೆ ಚೂರುಚೂರಾಗಿ ಹೇಳಿದೆ. ತೋಟದಲ್ಲಿ ನೆತ್ತಿಯ ಮೇಲೆ ಬಿಸಿಲು. ಎಲ್ಲರೂ ತೆಳುಬಣ್ಣದ ಸಾದಾ ಅಂಗಿಗಳಲ್ಲಿ ನಿಂತಿದ್ದರು. ನಿನ್ನ ಕಿವಿಯ ಪಕ್ಕದಿಂದ ಕಪ್ಪು ನೀರಿಳಿದು ಕಾಲರಿಗೆ ಹತ್ತಿತು, ಒರೆಸಿದ ಕರವಸ್ತ್ರದಿಂದ ಕೆನ್ನೆಗೂ ಹತ್ತಿತು. ಹಲ್ಲಿನ ಮೇಡಂ ನಿನ್ನ ಕೈಹಿಡಿದು ಮೇಜಿಗೆ ಕರೆದೊಯ್ಯುವಷ್ಟರಲ್ಲಿ ದೊಡ್ಡ ಡಾಕ್ಟರು ಎದ್ದುಬಂದು ನಿನ್ನ ಕೈಗೆ ಮೈಕು ಕೊಟ್ಟರು. "ಬಂದ್ರಾ, ನಿಮ್ಗೇ ಕಾಯ್ತಿದ್ವಿ. ಶುರು ಮಾಡಿ, ಹಳೇ ಹಾಡೇ ಆಗ್ಲಿ" ಎಂದರು. ಆರ್ಕೆಸ್ಟ್ರಾದ ಹಾಡುಗಾರ ಎಂದುಕೊಂಡಿದ್ದರು. ನೀನು ಮೈಕು ಹಿಡಿದು ನಿಂತೆ. ನಾನು ಹಾಡುವವನಲ್ಲ ಎಂದು ಮೈಕಿನಲ್ಲೇ ಹೇಳಿದೆ. ತೋಟಕ್ಕೆಲ್ಲ ಕೇಳಿಸಿತು. ನಗು ಒಂದು ಮೇಜಿನಿಂದ ಶುರುವಾಗಿ ಎಲ್ಲ ಕಡೆಗೂ ಹೋಯಿತು. ಮೈಕು ಕೆಳಗಿಡಲು ಬಾಗಿದಾಗ ಹೊಟ್ಟೆಯ ಗುಂಡಿ ಕಿತ್ತುಹೋಯಿತು. ಮೇಡಂ ತಟ್ಟೆ ನೋಡುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

ನೀನು ನಡೆದುಕೊಂಡೇ ಮನೆಗೆ ಬಂದೆ. ಬಿಳಿ ಬೂಟು ಕಚ್ಚಿ ಹಿಮ್ಮಡಿಯಲ್ಲಿ ರಕ್ತ. ನಾನು ನಿನ್ನ ಮುಖ ನೋಡಿ ಏನಾಯಿತೆಂದು ಕೇಳುವ ನಾಟಕವಾಡಿದೆ. "ನಿನ್ ತಪ್ಪಲ್ಲ ಅಕ್ಕ" ಎಂದೆ ನೀನು. "ಬಟ್ಟೆ ಚೆನ್ನಾಗೇ ಇತ್ತು. ಹಾಕ್ಕೊಂಡಿರೋ ಮೈ ಸರಿಯಿರ್ಲಿಲ್ಲ." ನಾನು ಬಿಸಿನೀರು ಕಾಯಿಸಿ ನಿನ್ನ ಹಿಮ್ಮಡಿ ತೊಳೆದೆ. ನಿಜ ಹೇಳುತ್ತೇನೆ ಗುಂಡ, ಆ ಹೊತ್ತು ನನಗೆ ಸಮಾಧಾನವೇ ಆಗಿತ್ತು. ಇನ್ನು ಇವನು ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡೆ.

ಇಪ್ಪತ್ತಾರನೆಯ ದಿನಕ್ಕೆ ನೀನು ನಿನ್ನ ಕನ್ನಡಕದ ಅಂಗಡಿಯ ಇನ್ನೊಂದು ಊರಿನ ಶಾಖೆಗೆ ಕೇಳಿಕೊಂಡು ಹೋದೆ. ಈ ಬೀದಿಯಲ್ಲಿ ತಲೆಯೆತ್ತಿ ನಡೆಯಲಾರೆ ಎಂದೆ. ನಾನೂ ಬರುತ್ತೇನೆ ಎಂದರೆ, "ನಿನ್ ಕೆಲಸ, ಮನೆ ಎಲ್ಲಾ ಇಲ್ಲೇ ಇದೆ. ನನ್ನ ಮರ್ಯಾದೆ ಹೋಯ್ತು ಅಂತ ನೀನ್ಯಾಕೆ ಅಲೀಬೇಕು" ಎಂದೆ. ಅವತ್ತಿನಿಂದ ನಾನು ಒಬ್ಬಳಿಗೇ ಅಡುಗೆ ಮಾಡುತ್ತಿದ್ದೇನೆ.

ಊಟಕ್ಕೆ ಇನ್ನು ಹದಿನಾಲ್ಕು ದಿನವಿರುವಾಗ ಇದನ್ನೆಲ್ಲ ಯಾಕೆ ಬರೆದೆ ಎಂದು ನೀನು ಕೇಳಬಹುದು. ನಿನ್ನ ಒಳ್ಳೆಯದಕ್ಕೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಹಿಂದೆ ಮಾಡಿದ್ದನ್ನೂ ನಿನ್ನ ಒಳ್ಳೆಯದಕ್ಕೇ ಎಂದು ಹೇಳಿಕೊಂಡಿದ್ದೆ, ಹಾಗಾಗಿ ಈಗ ನನ್ನ ಮಾತಿನ ಮೇಲೆ ನನಗೇ ನಂಬಿಕೆಯಿಲ್ಲ. ಬೇಕಿದ್ದರೆ ಮೇಲೆ ಬರೆದ ಬಟ್ಟೆಯ ಮಾತನ್ನೂ ಬೇರೆ ಯಾರಿಗಾದರೂ ತೋರಿಸಿ ಕೇಳು. ಅದರಲ್ಲಿ ಮೋಸವಿಲ್ಲ.

ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಒಂದು ಮನೆಯಾಗಲಿ, ಆ ಮನೆಯಲ್ಲಿ ನಿನ್ನನ್ನು ಕಂಡರೆ ಸಂತೋಷಪಡುವವರಿರಲಿ. ನೂರು ಕಾಲ ಬಾಳು. ನನಗೆ ಉತ್ತರ ಬರೆಯಲೇಬೇಕೆಂದಿಲ್ಲ.

ಇಂತಿ,
ನಿನ್ನ ಅಕ್ಕ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದಿದ್ದೇನೆ. ಔತಣವಾದ ನಾಲ್ಕನೆಯ ದಿನ ಹಲ್ಲಿನ ಮೇಡಂ ನನ್ನನ್ನು ಹುಡುಕಿಕೊಂಡು ಅಂಗಡಿಗೆ ಬಂದಿದ್ದರು. ನೀನು ಫೋನು ಆರಿಸಿ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ದಿನಗಳವು. "ಅವ್ರು ಫೋನ್ ತೆಗೀತಿಲ್ಲ" ಎಂದರು. "ಅವತ್ತು ನಾನು ತಲೆ ಎತ್ತಿದ್ರೆ ಅತ್ತುಬಿಡ್ತಿದ್ದೆ, ಅದಕ್ಕೇ ಎತ್ಲಿಲ್ಲ. ಅಷ್ಟನ್ನ ಅವ್ರಿಗೆ ಹೇಳ್ಬಿಡಿ." ಆಮೇಲೆ, "ಅಕ್ಕನ್ನ ಬಿಟ್ಟು ನಾನು ಬರಲ್ಲ ಅಂತ ಅವ್ರು ಮೊದಲ್ನೇ ದಿನಾನೇ ಹೇಳಿದ್ರು. ನಂಗೂ ಸಂತೋಷಾನೇ. ಮೂರು ಕೋಣೆ ಮನೆ ನೋಡಿದೀವಿ. ಔತಣ ಮುಗಿದ್ಮೇಲೆ ನಿಮ್ಗೆ ನಾನೇ ಹೇಳ್ತೀನಿ ಅಂದಿದ್ರು. ಬಣ್ಣ ಬಳಿಯೋರು ಕೇಳ್ತಿದಾರೆ, ನಿಮ್ಗೆ ಬೀದಿ ಕಡೆ ಕೋಣೆ ಇರ್ಲಾ, ಹಿಂದಿನ್ದಾ?"

ಆಗಲೂ ಎಲ್ಲ ಸರಿಮಾಡಬಹುದಿತ್ತು. ಮನೆಗೆ ಕರೆದುಕೊಂಡು ಬಂದು ನಿನ್ನ ಕೋಣೆಯ ಬಾಗಿಲು ತಟ್ಟಿದ್ದರೆ ಸಾಕಿತ್ತು. ಆದರೆ ನಿನಗೆ ಆ ಅಂಗಿ ತೊಡಿಸಿದ್ದು ಯಾರು, ಯಾಕೆ ಎಂದು ಆಕೆ ಇವತ್ತಲ್ಲ ನಾಳೆ ಕೇಳುತ್ತಿದ್ದರು. "ನಿಮ್ ಹೆಸರೆತ್ತಿದ್ರೆ ಅವ್ನಿಗೆ ಆಗಲ್ಲ. ಊರು ಬಿಟ್ಟು ಹೋಗ್ತಿದಾನೆ, ನಿಮ್ಗೆ ಹೇಳ್ಬೇಡ ಅಂದಿದಾನೆ" ಎಂದೆ. ನೀನು ಊರು ಬಿಡುವ ಮಾತನ್ನು ಆಗಿನ್ನೂ ಆಡಿರಲೇ ಇಲ್ಲ. ಆಕೆ ಚೀಲದ ಜಿಪ್ಪು ಎಳೆದುಕೊಂಡು ಹೋದರು. ಈಗಲೂ ಅದೇ ಆಸ್ಪತ್ರೆಯಲ್ಲಿದ್ದಾರೆ. ಒಬ್ಬರೇ ಇದ್ದಾರೆ.

ಹಿಂದಿನ ಕೋಣೆಯೇ ಸಾಕು ಎನ್ನುವ ಮಾತು ಆ ದಿನ ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು.