ಬಿಸಿಲಿಗಿಟ್ಟ ಸೆಲ್ಲು

ಹೊಳೆನರಸೀಪುರ, ೧೪-೮-೨೦೦೫, ಭಾನುವಾರ

ನನ್ನ ಹೆಂಡತಿ ವಸಂತ ಹಾಡುತ್ತಿದ್ದ ವೆಲ್ಷ್ ಹಾಡು ಸಿ.ಡಿ.ಯಲ್ಲಿ ಸಿಕ್ಕಿದೆ. ಸಿಗದಿದ್ದರೇ ಚೆನ್ನಾಗಿತ್ತೇನೋ.

ಕೊರವಂಗಲದ ಗುಡಿ ನೋಡಲು ಬಂದಿದ್ದ ವೇಲ್ಸ್ ದೇಶದ ಹೆಂಗಸು ಹದಿಮೂರು ವರ್ಷದ ಹಿಂದೆ ಕೊಟ್ಟುಹೋದ ಕ್ಯಾಸೆಟ್ಟು. ಭಾಷೆ ತಿಳಿಯದಿದ್ದರೂ ವಸಂತ ಕೇಳಿ ಕೇಳಿ ಕಲಿತಳು. ಅಕ್ಕಿ ಆರಿಸುತ್ತ, ನಿಧಾನವಾಗಿ, ಎದೆ ಹಿಂಡುವಂತೆ ಹಾಡುತ್ತಿದ್ದಳು. ಅವಳು ತೀರಿಕೊಂಡ ವರ್ಷವೇ ಟೇಪೂ ತುಂಡಾಯಿತು.

ಅಣ್ಣನ ಮಗಳು ಗೌತಮಿ ಎಲ್ಲಿಂದಲೋ ತರಿಸಿ ಮಧ್ಯಾಹ್ನ ಹಾಕಿದಳು. ಆ ಹೆಂಗಸಿನ ದೇಶದಲ್ಲೇ ಜನ ಮರೆತಿದ್ದ ಹಾಡಂತೆ. ಗಿಟಾರು, ಡ್ರಮ್ಮು, ನೀರೊಳಗಿಂದ ಬಂದಂಥ ಆರ್ಗನ್ನು, ಎಲ್ಲ ಒಂದೇ ಓಟ.

“ಚಿಕ್ಕಪ್ಪ, ಇದು ಕುಣಿಯೋ ಹಾಡು! ಚಿಕ್ಕಮ್ಮ ಯಾರೋ ಸತ್ತೋದಂಗೆ ಹಾಡ್ತಿದ್ರಲ್ಲ?”

ತಪ್ಪು ನನ್ನದು. ಟೇಪ್‌ರೆಕಾರ್ಡರಿಗೆ ಹೊಸ ಸೆಲ್ಲು ತರದೆ, ಸೊರಗಿದ್ದನ್ನೇ ಬಿಸಿಲಿಗಿಟ್ಟು ಮತ್ತೆ ಹಾಕುತ್ತಿದ್ದೆ. ಟೇಪು ತೆವಳುತ್ತಿತ್ತು. ಆ ತೆವಳಿಕೆಯನ್ನೇ ಅವಳು ಹಾಡೆಂದು ಕಲಿತಳು.

“ಸ್ವಲ್ಪ ನಿಧಾನ ಮಾಡಮ್ಮ” ಅಂದೆ.

“ಸಿ.ಡಿ. ಚಿಕ್ಕಪ್ಪ ಇದು, ಹೆಂಗಿದ್ಯೋ ಹಂಗೇ ಓಡೋದು.”

ಸಂಜೆ ಹಳೇ ಟೇಪ್‌ರೆಕಾರ್ಡರು ಬಿಚ್ಚಿ ನೋಡಿದೆ. ನಾಲ್ಕು ಸೆಲ್ಲೂ ಒಳಗೇ ನೀರು ಬಿಟ್ಟುಕೊಂಡಿವೆ. ಒರೆಸಿಟ್ಟಿದ್ದೇನೆ. ನಾಳೆ ಬಿಸಿಲು ಬಂದರೆ ಹಿತ್ತಿಲ ಕಟ್ಟೆಯ ಮೇಲೆ ಒಂದಿಷ್ಟು ಹೊತ್ತು ಇಡುತ್ತೇನೆ, ಸುಮ್ಮನೆ.