ಗಂಗಾಂಬಿಕೆಯ ಒಪ್ಪತ್ತು

ಗುಂಡ್ಲುಪೇಟೆ
೯-೨-೧೯೫೬

ಚಿರಂಜೀವಿ ಮಗ ಗುರುಪಾದಸ್ವಾಮಿಗೆ ಅವ್ವ ಮಾಡುವ ಆಶೀರ್ವಾದ.

ಭದ್ರಾವತಿ ಚಳಿಗೆ ನಿನ್ನ ಮಂಡಿನೋವು ಹೆಂಗದೆ? ಸೊಸೆ ಎಣ್ಣೆ ತಿಕ್ಕುತ್ತಾಳೋ ಇಲ್ಲವೋ? ನಾನು ಗುಂಡುಕಲ್ಲಿನಂಗೆ ಇವ್ನಿ, ನನ್ನ ಚಿಂತೆ ಬುಡು. ನನ್ನಪ್ಪ ಕಲಿಸಿದ ನಾಕಕ್ಷರ ಇವತ್ತು ನಿನ್ನ ಬಯ್ಯಕ್ಕೇ ಒದಗ್ತು ನೋಡು.

ಹೈಸ್ಕೂಲು ಓದಲಿ ಅಂತ ನನ್ನ ಹತ್ರ ಬುಟ್ಟು ಹೋದೆಯಲ್ಲ, ನಿನ್ನ ಮಗಳು ಗಂಗಾಂಬಿಕೆ, ಮೂರು ದಿನದಿಂದ ಹಾಸಿಗೆ ಹಿಡಿದವ್ಳೆ. ಡ್ರಿಲ್ಲಿಗೆ ನಿಂತವಳು ದೊಪ್ಪಂತ ಬಿದ್ದಳಂತೆ. ಡಾಕ್ಟರು ರೆಪ್ಪೆ ಎತ್ತಿ ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ನಿಮ್ಮನೇಲಿ ಹಿಟ್ಟಿಗೆ ಬರವಾ ಅಂದರು. ಕಣಜದ ತುಂಬಾ ರಾಗಿ ಇಟ್ಕಂಡು ಆ ಮಾತು ಕೇಳಿಸ್ಕಂಡೆ ಕಣಪ್ಪಾ. ತಪ್ಪು ನಂದೂ ಅದೆ. ದೀಪಾವಳಿ ಕಳೆದ ಮೇಲೆ ಅವಳು ಸೋಮವಾರ ಒಪ್ಪತ್ತು ಹಿಡಿದಳು. ಆಮೇಲೆ ಗುರುವಾರ, ಅಮಾವಾಸ್ಯೆ, ಕೊನೆಗೆ ದಿನಾ. ಲಿಂಗಪೂಜೆ ಮುಗಿಸಿ ಒಂದು ಗುಟುಕು ಪಾದೋದಕ, ಒಂದು ಬಾಳೆಹಣ್ಣು, ಅಷ್ಟೇಯ. ಹದಿನೈದು ವರ್ಷಕ್ಕೇ ಎಂಥಾ ಶಿವಭಕ್ತಿ ಅಂತ ನಾನು ಬೀದಿಯೆಲ್ಲಾ ಸಾರ್ಕಂಡು ಬಂದೆ. ಒಂದಿನ ರೊಟ್ಟಿ ವಾಸನೆಗೆ ಒಲೆ ಹತ್ರ ಬಂದು ನಿಂತವಳ್ನ, ವ್ರತ ಕೆಡಿಸ್ಕಬೇಡ ಕಣಮ್ಮಿ ಅಂತ ನಾನೇ ಗದರಿ ಕಳಿಸಿದೆ. ನನ್ನ ಬಾಯಿಗೆ ಹುಳ ಬೀಳ!

ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಈರುಳ್ಳಿ ಮಂಡಿ ಪುಟ್ಟಬಸಪ್ಪ ನಿನ್ನೆ ಬಂದು ತಲೆ ತಗ್ಗಿಸ್ಕಂಡು ಹೇಳಿದ. ಶನಿವಾರ ಶನಿವಾರ ಇವಳೂ ಇವಳ ಕ್ಲಾಸಿನ ಹುಡುಗೀರೂ ಮೂಟೆ ತೂಗೋ ತಕ್ಕಡೀಲಿ ಕೂತು, ಯಾರು ಹಗುರ ಅಂತ ಪಂತ ಕಟ್ತಿದ್ದರಂತೆ. ಐದು ಮಣ ಇದ್ದವಳು ನಾಕಕ್ಕೆ ಇಳಿದವ್ಳೆ. ಇನ್ನೂ ಅರ್ಧ ಮಣ ಇಳೀಬೇಕು ಅಂತ ನಕ್ಕಳಂತೆ. ಈಗ ಗಂಜಿ ಹಿಡಿದರೆ ಹಲ್ಲು ಕಚ್ಕತಾಳೆ. ಬಲವಂತಕ್ಕೆ ಮೂರು ಚಮಚ ಇಳಿಸಿದರೆ ಹಿತ್ತಲಿಗೆ ಹೋಗಿ ಕಕ್ಕಿದಳು. ಹಿಂಗೇ ಆದ್ರೆ ಹುಡುಗಿ ಉಳಿಯಾಕಿಲ್ಲ ಅಂತ ಡಾಕ್ಟರು ಹೇಳವ್ರೆ. ಶಿವರಾತ್ರಿಗೆ ಗಂಡಿನವರ್ನ ಕರ್ಕಂಡು ಬತ್ತೀನಿ ಅಂದಿದ್ದೆಯಲ್ಲ, ಅವರ್ನ ಅಲ್ಲೇ ಬುಟ್ಟು ನೀನೊಬ್ಬನೇ ಈಗ್ಲೇ ಹೊರಟು ಬಾ.

ಸೊಸೆಗೂ ನಿಂಗೂ ಮಾದಪ್ಪ ಒಳ್ಳೇದು ಮಾಡಲಿ.

ಇಂತಿ ನಿನ್ನ ಹೆತ್ತವಳು,
ದೊಡ್ಡಮಲ್ಲಮ್ಮ

ಮರೆತಿದ್ದೆ. ಅಂಚೆಯವನು ಬಾಗಿಲಲ್ಲಿ ನಿಂತವ್ನೆ, ಬೇಗ ಬರೀತೀನಿ. ಅವಳ ವಿಭೂತಿ ಪೆಟ್ಟಿಗೇಲಿ ಒಂದು ಕಾಗದ ಸಿಕ್ತು, ಮಡಿಸಿ ಮಡಿಸಿ ಹರಿದೋಗದೆ. ದೀಪಾವಳಿಗೆ ನೀನು ಅವಳಿಗೆ ಬರೆದಿದ್ದು. ‘ಗಂಡಿನವರು ಫೋಟೋ ನೋಡಿ ಹುಡುಗಿ ದಪ್ಪ ಅಂದರು. ಅಪ್ಪನ ಮಾನ ಉಳಿಸು ಮಗಳೇ, ಮೈ ಇಳಿಸು.’ ಇದರ ಜೊತೇಲೇ ಇಟ್ಟಿವ್ನಿ, ಓದ್ಕೊ. ನಾನು ಉಣ್ಣು ಅಂದ್ರೆ ಅವಳು ಕೇಳಾಕಿಲ್ಲ. ಅವಳು ಕೇಳೋದು ನಿನ್ನ ಮಾತೊಂದೇ. ಬಂದು ನೀನೇ ತಿನ್ನಿಸು.