ಟೋಪಿಯ ಮೊಳೆ

ಅಪ್ಪಾ,

ನಿನ್ನ ಗಣಿಯ ಟೋಪಿ ನೇತಾಡುತ್ತಿದ್ದ ಮೊಳೆಗೆ ಅಮ್ಮ ಈಗ ಒಂದು ಚೀಲ ತೂಗುಹಾಕಿದ್ದಾಳೆ. ನೋವಿನ ಮಾತ್ರೆ ಹೆಚ್ಚಾಗಿ ಉಸಿರು ಕಟ್ಟಿದರೆ ಮೂಗಿಗೆ ಹೊಡೆಯುವ ಔಷಧಿ ಅದರಲ್ಲಿದೆ. ಸೊಂಟದ ಆಪರೇಷನ್ ಆದಾಗ ಮಾತ್ರೆಯ ಜೊತೆ ತಾನೇ ಕೇಳಿ ತಂದಳು. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಅದನ್ನು ತೋರಿಸುತ್ತಾಳೆ. ಪಾದ್ರಿಯನ್ನೂ ಬಿಟ್ಟಿಲ್ಲ.

"ಇದು ಚಟದವರು ಇಟ್ಕೊಳೋದಲ್ವೇನೆ?" ಎಂದು ಪಕ್ಕದ ಮನೆಯ ವರ್ಲೀನ್ ಮೂಗು ಮುರಿದಿದ್ದಳು.

"ಉಸಿರಾಡೋರೆಲ್ಲ ಇಟ್ಕೊಳೋದು ಕಣೇ. ಸುಮ್ನೆ ನೋಡಿ ಕಲಿ," ಎಂದಿದ್ದಳು ಅಮ್ಮ.

ನಿನ್ನೆ ಬೆಳಿಗ್ಗೆ ಅಮ್ಮ ಮಾತ್ರೆ ನುಂಗಿದ್ದು ಮರೆತು ಮತ್ತೆ ನುಂಗಿದಳು, ಮೇಲೆ ನೆಗಡಿಯ ಸಿರಪ್ಪನ್ನೂ ಕುಡಿದಳು. ವರ್ಲೀನ್ ಬಂದಾಗ ಅವಳ ತುಟಿ ನೀಲಿಗಟ್ಟಿತ್ತಂತೆ. ವರ್ಲೀನ್ ಆಂಬುಲೆನ್ಸಿಗೆ ಫೋನ್ ಮಾಡಿ, ಮೊಳೆಯಿಂದ ಚೀಲ ಕಿತ್ತು, ಕಲಿತ ಹಾಗೆಯೇ ಔಷಧಿ ಹೊಡೆದಳು. ಸ್ವಲ್ಪ ಹೊತ್ತಿಗೆ ಅಮ್ಮ ಕಣ್ಣುಬಿಟ್ಟು, "ಬೀನ್ಸ್ ತಳ ಹಿಡೀತಿದೆ, ಒಲೆ ಆರಿಸೇ," ಎಂದಳಂತೆ.

ಇವತ್ತು ಆಸ್ಪತ್ರೆಯಿಂದ ಬರುವಾಗ ಔಷಧಿ ಅಂಗಡಿಯ ಮುಂದೆ ಕಾರು ನಿಲ್ಲಿಸು ಎಂದಳು. ಎರಡು ತಂದಳು, ಒಂದು ವರ್ಲೀನಳ ಮನೆಗೆ. ಇಂಥವಳ ಮಗಳು ನಾನು ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಹೇಳಬೇಕೆನಿಸಿತು.

ಬೆನ್ನುನೋವಿನ ಮಾತ್ರೆಯ ಜೊತೆ ನಿನಗೂ ಇದನ್ನು ಕೊಟ್ಟಿದ್ದರು. ಜನ ಏನಂದುಕೊಂಡಾರು ಎಂದು ನೀನು ಮೀನಿನ ಗಾಳದ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ. ನಿನ್ನ ಉಸಿರು ನಿಂತ ದಿನ ನಾನು ಪಕ್ಕದ ಕೋಣೆಯಲ್ಲೇ ಇದ್ದೆ, ಅಪ್ಪಾ.

ಅಮ್ಮನ ಆಪರೇಷನ್ನಿನ ಹಿಂದಿನ ವಾರ ಆ ಪೆಟ್ಟಿಗೆ ತೆರೆದೆ. ಔಷಧಿಯ ಸೀಲು ಒಡೆದಿರಲಿಲ್ಲ. ಅಮ್ಮನ ಕೈಗೆ ಕೊಟ್ಟೆ. ಅವಳು ಎದ್ದು ಹೋಗಿ ಮೊಳೆಯಿಂದ ನಿನ್ನ ಟೋಪಿ ತೆಗೆದಳು.